ಶ್ಯಾಮಲಮ್ಮನ ರಾಗ

"ಕದ್ದಿದ್ದಲ್ಲ ತಾನೇ?" ಕಾರಿನಿಂದ ಇಳಿಯುವ ಮೊದಲು ಚಂದ್ರಮೋಹನ್ ಮತ್ತೊಮ್ಮೆ ಕೇಳಿದ.

"ಇಲ್ಲ ಸಾರ್. ಅಪ್ಪಟ ನಮ್ಮ ಮಣ್ಣಿಂದು," ಎಂದ ಚೈತನ್ಯ.

ಕೇಳಿದ್ದರಲ್ಲಿ ತಪ್ಪೇನಿಲ್ಲ. ಚೈತನ್ಯ ಸಿಕ್ಕಿದ ದನಿಗಳನ್ನು ಕತ್ತರಿಸಿ, ತಿರುಗಿಸಿ ಮುರುಗಿಸಿ, ಮೇಲೆ ಡ್ರಮ್ ಕೂರಿಸಿ ಮಾತಿಲ್ಲದ ಹಿಪ್‌ಹಾಪ್ ಕಟ್ಟುವವನು. ಚಂದ್ರಮೋಹನನ ಬೆಂಗಳೂರಿನ ಮ್ಯೂಸಿಕ್ ಕಂಪನಿಯೋ, ಇಂಥದ್ದೇ ಒಂದು ಆಲ್ಬಂನಿಂದ ಕೋರ್ಟು ಮೆಟ್ಟಿಲು ಹತ್ತಿ ಬಂದಿತ್ತು. ಬಿಸಿ ಹಾಲಿಗೆ ಬಾಯಿ ಸುಟ್ಟವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ.

ಚೈತನ್ಯನ ಮೊದಲ ಆಲ್ಬಂ ಮಕಾಡೆ ಮಲಗಿತ್ತು. ಮುಳಬಾಗಿಲಿನ ಕೋಣೆಯಲ್ಲಿ ತಾನೇ ಕೀಬೋರ್ಡ್ ನುಡಿಸಿ, ಅದನ್ನೇ ಕತ್ತರಿಸಿ, ಓಟದ ಬೀಟಿಗೆ ಹೊಂದಿಸಿದ್ದ. "ಇದರಲ್ಲಿ ಮಣ್ಣಿನ ವಾಸನೆಯೇ ಇಲ್ಲವಲ್ಲಯ್ಯಾ," ಎಂದು ಇದೇ ಚಂದ್ರಮೋಹನ್ ವಾಪಸ್ ಕಳಿಸಿದ. ರೇಗಿಹೋಗಿ, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ನೆಟ್‌ನಲ್ಲಿ ಬಿಟ್ಟಿ ಹಾಕಿಬಿಟ್ಟ. ಬಿಟ್ಟಿ ಕೊಟ್ಟರೂ ಮೂಸುವವರಿಲ್ಲ ಎಂಬ ಸಂಕಟ ಅವನನ್ನು ತಿನ್ನುತ್ತಿತ್ತು. ಎರಡನೆಯದೂ ಬಿದ್ದರೆ ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುವುದೇ ಗತಿ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಆಗ ಸಿಕ್ಕಿದವಳು ಹತ್ತಿರದ ಹಳ್ಳಿ ದೇವರಾಯಸಮುದ್ರದ ಶ್ಯಾಮಲಮ್ಮ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತ ಏನೋ ಗುನುಗುತ್ತಿದ್ದಳು, ಎಳೆದು ಎಳೆದು, ನಡುನಡುವೆ ಒಂದೆರಡು ತೆಲುಗು ಪದ ಸೇರಿಸಿ. ಚೈತನ್ಯನ ಮೈ ಜುಮ್ಮೆಂದಿತು. ಎಂದೋ ಕೇಳಿದ ರಾಗ, ತನ್ನ ರಕ್ತದಲ್ಲೇ ಇರುವ ರಾಗ ಎನಿಸಿ ಕಣ್ಣಲ್ಲಿ ನೀರಾಡಿತು. ತಲೆಮಾರುಗಳ ನೆನಪು ಅಂದರೆ ಇದೇ ಇರಬೇಕು ಅಂದುಕೊಂಡ. ಸಂಜೆ ಸಂಜೆ ಬಂದು ಮೊಬೈಲಿನಲ್ಲಿ ಹಿಡಿದುಕೊಂಡ. ಇಡೀ ಆಲ್ಬಂ ಆ ಗುನುಗಿನ ಮೇಲೆಯೇ ನಿಂತಿತು. ಹೆಸರು 'ಮುತ್ತಜ್ಜಿ'.

ಈ ಸಲ ಚಂದ್ರಮೋಹನ್ ಕರಗಿಹೋದ. ರಾಗ ಹಿಂದಿನವರಿಂದ ಬಂದದ್ದು ಎಂದು ಮುದುಕಿ ಕ್ಯಾಮೆರಾ ಮುಂದೆ ಹೇಳಿದರೆ ಸಾಕು, ಆಲ್ಬಂ ಹೊರಬರುತ್ತದೆ. ಎಳೆಬಿಸಿಲಲ್ಲೇ ತೆಗೆಯಬೇಕೆಂದು ಬೆಳಿಗ್ಗೆಯೇ ಹೊರಡಿಸಿಕೊಂಡು ಬಂದಿದ್ದ.

ಶ್ಯಾಮಲಮ್ಮ ಪೆಟ್ಟಿಗೆಯ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದಳು. ಚಂದ್ರಮೋಹನ್ ಕ್ಯಾಮೆರಾ ಶುರುಮಾಡಿ ಕೇಳಿದ.

"ಅಮ್ಮಾ, ಈ ಹಾಡು ಯಾರಿಂದ ಕಲಿತ್ರಿ? ನಿಮ್ಮ ಅಜ್ಜಿಯಿಂದಾನಾ?"

"ಅಯ್ಯೋ ನಾಯನಾ, ನಮ್ಮಜ್ಜಿಗೆ ಹಾಡೋಕೆ ಪುರುಸೊತ್ತೆಲ್ಲಿತ್ತು? ದಿನಾ ಬೆಳಿಗ್ಗೆ ಕೇಳ್ತೀನಲ್ಲ, ಹಂಗೇ ಬಾಯಿಗೆ ಬಂದ್ಬಿಡ್ತು. ಇರಿ, ಇನ್ನೇನ್ ಬರ್ತಾನೆ."

"ಯಾರು?"

ಬೀದಿಯ ತಿರುವಿನಲ್ಲಿ ಮೈಕು ಮೊಳಗಿತು. ಅದೇ ರಾಗ, ಓಟದ ಬೀಟಿನಲ್ಲಿ. ಶ್ಯಾಮಲಮ್ಮ ಕಸದ ಬುಟ್ಟಿ ಎತ್ತಿಕೊಂಡು, ಸೀರೆ ಜೋಪಾನ ಮಾಡುತ್ತ ಪಂಚಾಯಿತಿ ಗಾಡಿಯತ್ತ ಓಡಿದಳು.

ಚಂದ್ರಮೋಹನನ ಮುಖ ಕೆಂಪೇರಿತು. "ಇದೇನಯ್ಯಾ ನಿನ್ನ ಮಣ್ಣು? ಕಸದ ಗಾಡಿ ಹಾಡು! ಯಾರದ್ದೋ ಏನೋ, ನಾಳೆ ನನ್ನ ಮೇಲೆ ಕೇಸು ಜಡೀತಾನೆ. ಯಾವನಯ್ಯಾ ಇದನ್ನ ಮಾಡ್ದೋನು?"

"ನಾನೇ ಸಾರ್," ಎಂದ ಚೈತನ್ಯ. "ನೀವು ವಾಪಸ್ ಕಳಿಸಿದ್ರಲ್ಲ, ಅದು."