ವೀರಚಕ್ರದವನ ತಪಾಸಣೆ

1974ರ ಮಾರ್ಚ್ 11, ಬೆಳಿಗ್ಗೆ ಒಂಬತ್ತೂವರೆ. ವಾಯುಪಡೆಯ ವೈದ್ಯೆ ಯುದ್ಧವಿಮಾನದ ಪೈಲಟ್‌ನ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು. 190/120. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದಾಗಲೂ ಅಷ್ಟೇ ಇತ್ತು.

"ನೀವು ಇನ್ನು ಹಾರೋ ಹಾಗಿಲ್ಲ ಸರ್. ಮೇಲೆ ವಿಮಾನ ಜೋರಾಗಿ ತಿರುಗಿಸಿದ್ರೆ ಮೆದುಳಿನ ನಾಳ ಒಡೆದುಹೋಗುತ್ತೆ."

"ಏನ್ ಡಾಕ್ಟ್ರೇ, ವೀರಚಕ್ರ ಬಂದವನನ್ನ ಕುರ್ಚಿಗೆ ಕಟ್ಟಿಹಾಕ್ತೀರಾ?" ಅವನು ನಕ್ಕ.

"ಯಾವುದಕ್ಕೆ ಬಂತು ಸರ್, ವೀರಚಕ್ರ?"

"ಎಪ್ಪತ್ತೊಂದರ ಯುದ್ಧದಲ್ಲಿ ಶತ್ರುಗಳ ನಾಲ್ಕು ವಿಮಾನ ನಮ್ಮನ್ನ ಸುತ್ಕೊಂಡ್ವು. ಜೊತೆ ವಿಮಾನದಲ್ಲಿದ್ದ ಪುಕ್ಕಲ ಓಡೋಕೆ ಹೋಗಿ ಸತ್ತ. ನಾನೊಬ್ನೇ ಎರಡನ್ನ ಉರುಳಿಸಿ ಬಂದೆ."

ಆ 'ಪುಕ್ಕಲ' ಅವಳ ತಮ್ಮ. ಅದು ಇವನಿಗೆ ಗೊತ್ತಿರಲಿಲ್ಲ. ಅಂದು ನೆಲೆಯಲ್ಲಿ ಕೂತು ಪೈಲಟ್‌ಗಳ ಮಾತನ್ನು ರೇಡಿಯೊದಲ್ಲಿ ಕೇಳುತ್ತಿದ್ದ ಸಿಬ್ಬಂದಿಯೊಬ್ಬ ಅವಳ ಮನೆಗೇ ಬಂದು ನಡೆದದ್ದನ್ನು ಹೇಳಿದ್ದ. "ಬಿಟ್ಟು ಹೋಗ್ಬೇಡಿ ಸರ್" ಎಂದು ತಮ್ಮ ಕೊನೆಯವರೆಗೂ ಕೂಗಿದ್ದ. ಓಡಿಬಂದವನು ಇವನು. ಇವನು ತನ್ನ ಕೈಗೆ ಸಿಗಲೆಂದು ಅವಳು ಎರಡೂಕಾಲು ವರ್ಷ ಕಾದಿದ್ದಳು.

"ಹಾರಾಟ ನಿಂತ್ರೆ ನನ್ನ ಕಥೆ ಮುಗೀತು," ಈಗ ಅವನ ದನಿ ಇಳಿದಿತ್ತು. "ನಾಳೆ ದೊಡ್ಡ ಸಾಹೇಬರ ಮುಂದೆ ನಾನೊಬ್ನೇ ವಿಮಾನದ ಕಸರತ್ತು ತೋರಿಸ್ಬೇಕು. ಕೈ ಮುಗೀತೀನಿ ಡಾಕ್ಟ್ರೇ, ಸ್ವಲ್ಪ ಕಡಿಮೆ ಬರೀರಿ."

ಅವಳು ಅವನ ತಪಾಸಣಾ ಪತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ನಿಧಾನವಾಗಿ ಬರೆದಳು: 120/80.