ಮೊಳೆ ತೂತಿನ ಸೂರ್ಯ

ಗೋಡೆಯಿಂದ ಇಳಿಯುತ್ತಿದ್ದ ಬೆಳಕು ಮಂಚದ ಮೇಲೆ ಅಂಗಾತ ಮಲಗಿದ್ದ ಹಾಲಮ್ಮನ ತುಂಬು ಬಸುರಿನ ಅಂಚನ್ನು ಮುಟ್ಟಿತು. ತಗಡಿನ ಬಾಗಿಲ ಮೇಲ್ತುದಿಯ ಮೊಳೆ ತೂತಿನಿಂದ ದಿನಾ ಬೆಳಿಗ್ಗೆ ಒಳಗೆ ಬೀಳುವ ಬಿಸಿಲು ದುಂಡಗಿರುತ್ತಿತ್ತು. ಇವತ್ತು ಅದು ಉಗುರಿನಷ್ಟು ಪುಟ್ಟ ಕುಡುಗೋಲಾಗಿತ್ತು.

“ಅತ್ತೆ, ಸೂರ್ಯ ಈಗ ಹೆಂಗೆ ಕಾಣ್ತಾನ್ರಿ?”

“ಪರಾತದ ನೀರಾಗೆ ನೋಡ್ದೆ, ಥೇಟ್ ಕುಡುಗೋಲು,” ಎಂದಳು ಬಾಗಿಲಾಚೆ ಕಾವಲು ಕುಳಿತಿದ್ದ ಓಬಕ್ಕ. “ನಿನಗ್ಯಾಕ ಅದು? ಗ್ರಹಣ ಬಿಡೋತನಕ ಅಲ್ಲಾಡಬ್ಯಾಡ. ಕೂಸಿನ ಕೈಕಾಲು ಸೊಟ್ಟ ಆಗ್ತಾವೆ.”

ಹಾಗಾದರೆ ತೂತಿನಿಂದ ಒಳಗೆ ಬಂದಿರುವುದು ಆ ಸೂರ್ಯನೇ. ಗ್ರಹಣದ ಸೂರ್ಯ ಬಸುರಿಗೆ ತಾಕಬಾರದೆಂದೇ ಹಾಲಮ್ಮನನ್ನು ಈ ಕತ್ತಲೆ ಕೋಣೆಗೆ ಹಾಕಿದ್ದರು. “ಚಂದ್ರ ಅಡ್ಡ ಬರ್ತಾನೆ, ಅಷ್ಟೇ ಕಣೇ” ಎಂದು ಪೇಪರು ಓದಿ ಹೇಳಿದ ಗಂಡ ಕೊಟ್ಟೂರಪ್ಪನೇ, ಅವ್ವನ ಮಾತು ಮೀರಲಾರದೆ ಹೊರಗಿನಿಂದ ಚಿಲಕ ಹಾಕಿ ದಾವಣಗೆರೆಯ ಮಿಲ್ಲಿಗೆ ಹೋಗಿದ್ದ. ಈಗ ಎದ್ದು ತೂತು ಮುಚ್ಚೋಣವೆಂದರೆ ಅಲ್ಲಾಡುವಂತಿಲ್ಲ. ಮಲಗಿಯೇ ಇದ್ದರೆ ಸೂರ್ಯ ಹೊಟ್ಟೆಯನ್ನೇ ಹತ್ತುತ್ತಿದ್ದಾನೆ. ಕೂಗಿ ಹೇಳಿದರೆ, ನಾಳೆ ಕೂಸಿಗೆ ಏನೇ ಆದರೂ ಅದು ಅವಳದೇ ತಪ್ಪು.

ಅವಳು ಅಲ್ಲಾಡದೆ ನೋಡುತ್ತಲೇ ಇದ್ದಳು. ಕುಡುಗೋಲು ಸೀರೆಯ ಮೇಲೆ ಹೊಕ್ಕುಳಿನವರೆಗೂ ಸರಿಯಿತು. ಆಗ ಒಳಗಿನಿಂದ ಕೂಸು ಜಾಡಿಸಿ ಒದೆಯಿತು. ಹೊಟ್ಟೆಯ ಮೇಲಿನ ಸೂರ್ಯ ಒಮ್ಮೆ ಕುಲುಕಿದ.

ಅಲ್ಲಾಡಬ್ಯಾಡ ಎಂದು ಕೂಸಿಗೆ ಯಾರೂ ಹೇಳಿರಲಿಲ್ಲ.

ಹಾಲಮ್ಮ ಎದ್ದು ಕುಳಿತಳು.