ರೊಟ್ಟಿಗೆ ತಣ್ಣೀರು

ನಡೆಯುವಾಗ ಮಾತ್ರ ಮನುಷ್ಯರಿಗೆ ದನಿ. ಕಾಲು ನಿಂತರೆ ಮಾತೂ ನಿಲ್ಲುತ್ತದೆ. ಹಾಗಾಗಿ ಧಾರವಾಡದ ಗಂಡಹೆಂಡಿರು ಜಗಳವನ್ನೂ ಅಂಗಳ ಸುತ್ತುತ್ತಲೇ ಆಡುತ್ತಾರೆ. ಮೊಣಕಾಲು ಮುರಿದುಕೊಂಡು ಮಳೆಗಾಲವಿಡೀ ಮಲಗಿದ್ದ ನೀಲವ್ವ ಅಷ್ಟೂ ದಿನ ಮೂಕಿಯಾಗಿದ್ದಳು. ಇವತ್ತು ಓಣಿಯ ಗೆಳತಿ ಗೌರಕ್ಕ ಅವಳನ್ನು ಕೆರೆ ಸುತ್ತುವ ಗುಂಪಿಗೆ ಕರೆತಂದಿದ್ದಳು.

ಗುಂಪು ಸರಸರ ಹೊರಟಿತು. ನೀಲವ್ವನಿಗೆ ಒಂದೇ ಚಿಂತೆ, ಕಾಲು ಸೋತು ನಿಂತರೆ ‘ನಿಲ್ರೀ’ ಎನ್ನಲೂ ಆಗದಲ್ಲ! ಅಂದುಕೊಂಡ ಹಾಗೇ ಆಯಿತು. ಬೇವಿನ ಮರದ ಹತ್ತಿರ ಮೊಣಕಾಲು ಚುರ್ ಎಂದು ಕಟ್ಟೆಯ ಮೇಲೆ ಕುಸಿದಳು. ಬಾಯಿ ತೆರೆದರೆ ಬರೀ ಉಸಿರು. ನಾಳೆಯಿಂದ ಬರುವುದೇ ಬೇಡ ಎಂದುಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಗುಂಪು ತಿರುಗಿ ಬಂತು. ಯಾರೂ ನಿಲ್ಲಲಿಲ್ಲ, ಕಟ್ಟೆಯನ್ನೇ ಸುತ್ತತೊಡಗಿದರು.

“ಏಳ್ ಯವ್ವಾ, ಎರಡ್ ಹೆಜ್ಜಿ ಹಾಕು,” ಎಂದಳು ಗೌರಕ್ಕ. ನೀಲವ್ವ ಒಲ್ಲೆನೆಂದು ತಲೆಯಾಡಿಸಿದಳು.

ಗುಂಪಿನಲ್ಲಿ ಎಲ್ಲರಿಗೂ ಹಿರಿಯರಾದ ಚನ್ನಪ್ಪ ಕಾಕಾ ಗಂಟಲು ಸರಿಮಾಡಿಕೊಂಡರು. “ರೊಟ್ಟಿ ಮಾಡೂದೇನ್ ದೊಡ್ಡ ವಿದ್ಯಾನ? ಜ್ವಾಳದ ಹಿಟ್ಟಿಗೆ ತಣ್ಣೀರ್ ಸುರುವಿ, ಲಟ್ಟಣಿಗೀಲೆ ತೀಡಿದ್ರಾತು!”

“ಹೌದ್ರೀ ಕಾಕಾ, ಒಂದೀಟು ಮೈದಾನೂ ಹಾಕಬೇಕ್ರೀ,” ಎಂದಳು ಗೌರಕ್ಕ, ನಗು ನುಂಗಿಕೊಂಡು.

ರೊಟ್ಟಿ ಬಡಿಯುವುದರಲ್ಲಿ ಕೈ ಪಳಗಿದ್ದ ನೀಲವ್ವ ಚಡಪಡಿಸಿದಳು. ಕೈ ಬೀಸಿದಳು, ಯಾರೂ ನೋಡಲಿಲ್ಲ. ತಡೆಯಲಾರದೆ ಎದ್ದು, ಕುಂಟುತ್ತ ಕಾಕಾನ ಬೆನ್ನು ಹತ್ತಿದಳು.

“ಎಲ್ಲೀ ತಣ್ಣೀರ್ರೀ ಕಾಕಾ! ಕುದಿಯೋ ನೀರು ಹೊಯ್ದು ನಾದಬೇಕು, ಕೈಲೇ ಬಡೀಬೇಕು! ಮೈದಾ ಅಂತ ಮೈದಾ!”

“ಹಂಗೇನವಾ? ಪೂರಾ ಹೇಳು ಮತ್ತ,” ಎಂದು ಕಾಕಾ ಹೆಜ್ಜೆ ನಿಧಾನ ಮಾಡಿದರು. ಅವರ ಹಿಂದೆ ಗುಂಪೆಲ್ಲ ನಿಧಾನವಾಯಿತು.